ಸೊನ್ನೆಗೊಂದು ಓರೆಗೀಟು

ಸೊನ್ನೆ ಬರೆದು ಅದರ ಮೈಮೇಲೆ ಓರೆಯಾಗಿ ಒಂದು ಗೀಟು ಎಳೆದರೆ ಏನರ್ಥ? ಕಿರಾಣಿ ಅಂಗಡಿಯವರನ್ನು ಕೇಳಿ: ಲೆಕ್ಕ ಚುಕ್ತಾ ಆಯಿತು, ಕಾಟು ಹಾಕಿದೆ ಎನ್ನುತ್ತಾರೆ. ಪೈಪು ಮಾರುವವರಿಗೆ ಅದು ಪೈಪಿನ ವ್ಯಾಸ. ಕಂಪ್ಯೂಟರ್ ಕಲಿತ ಹುಡುಗನಿಗೆ ಅದು ಬರೀ ಸೊನ್ನೆ, ‘ಓ’ ಅಕ್ಷರ ಅಂತ ಯಾರೂ ತಿಳಿಯದಿರಲಿ ಎಂದು ಗೀಟು ಹಾಕಿದ್ದು. ಗಣಿತದ ಮೇಷ್ಟ್ರಿಗೆ ಅದು ಶೂನ್ಯಗಣ. ಫ್ರೆಂಚ್ ಗಣಿತಜ್ಞ ಆಂಡ್ರೆ ವೇಯ್ ನಾರ್ವೆಯವರ ಅಕ್ಷರಮಾಲೆಯಿಂದ ಕಡ ತಂದ ಗುರುತು. ಜರ್ಮನಿಯ ಡಾಕ್ಟರಿಗೋ, ಒಮ್ಮೆ ‘ಇಲ್ಲ’, ಒಮ್ಮೆ ‘ಸರಾಸರಿ’, ಇನ್ನೊಮ್ಮೆ ಗಡ್ಡೆಯ ಅಗಲ.

ರಾಯದುರ್ಗದ ಒಂದು ಮನೆಯ ಲ್ಯಾಪ್‌ಟಾಪ್ ಪರದೆಯ ಮೇಲೆ ಆ ಗುರುತು ಪೆನಿಸಿಲಿನ್ ಎಂಬ ಪದದ ಪಕ್ಕದಲ್ಲಿ ಕೂತಿತ್ತು. ಅಚ್ಚಿನದ್ದಲ್ಲ, ಪೆನ್ನಿನಿಂದ ಹಾಕಿದ್ದು. ಪೆನಿಸಿಲಿನ್ ಅಲರ್ಜಿ ಇಲ್ಲ ಎಂದೋ? ಪೆನಿಸಿಲಿನ್ ಕೊಡಲೇಬೇಡಿ ಎಂದೋ? ಎರಡು ಅರ್ಥಗಳೂ ಸಮ, ಎರಡೂ ಒಂದಕ್ಕೊಂದು ತಿರುಗುಮುರುಗು. ಅನುವಾದಕಿ ಪುಟವನ್ನು ದೊಡ್ಡದು ಮಾಡಿದಳು. ಗೀಟು ದಪ್ಪವಾಯಿತೇ ಹೊರತು ಅರ್ಥ ತಿಳಿಯಾಗಲಿಲ್ಲ.

ಆಕೆ ಹುಟ್ಟಿದ್ದು ಮಡಕಶಿರಾ ಸೀಮೆಯ ಅಗಳಿ ಕಡೆ, ಸೇರಿದ್ದು ರಾಯದುರ್ಗ. ಎರಡೂ ಆಂಧ್ರದ ಊರುಗಳೇ, ಎರಡೂ ಕಡೆ ಮನೆಮಾತು ಕನ್ನಡ, ಆದರೆ ಎರಡು ಕನ್ನಡ. ತವರಿನದು ಶಿರಾ–ಮಧುಗಿರಿಯ ಮಾತು, ಗಂಡನ ಮನೆಯದು ಬಳ್ಳಾರಿಯ ಮಾತು. ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅಲ್ಲಿಗೆ ಹೋಯಿತು, ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ ಸೇರಿದ್ದು ಅನಂತಪುರ ಜಿಲ್ಲೆಗೆ, ಮಡಕಶಿರಾ ಮೊದಲಿಂದಲೂ ಅಲ್ಲಿಯದೇ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಹೊಸದಾಗಿ ಕೊಯ್ದಾಗ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಹೀಗಾಗಿ ಆಕೆ ಒಂದೇ ಜಿಲ್ಲೆಯೊಳಗೆ ಮದುವೆಯಾಗಿ, ಕೂತಲ್ಲೇ ಪರಜಿಲ್ಲೆಯ ಸೊಸೆಯಾದಳು. ಇವೆರಡು ಊರುಗಳನ್ನು ಒಂದೇ ಹಳಿಯಲ್ಲಿ ಪೋಣಿಸಬೇಕಾದ ತುಮಕೂರು–ರಾಯದುರ್ಗ ರೈಲುಮಾರ್ಗದ ಮಾತು ಆಕೆ ಶಾಲೆಗೆ ಹೋಗುವಾಗಿನಿಂದ ನಡೆದಿದೆ. ತವರಿಗೆ ಹೋಗಲು ಆಕೆಗೆ ಈಗಲೂ ಬಸ್ಸೇ ಗತಿ.

ಜರ್ಮನ್ ಕಲಿತದ್ದು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ. ಕಂಪನಿಯೊಂದರಲ್ಲಿ ಕೆಲವು ವರ್ಷ ವಿಮೆಯ ಕಾಗದಗಳನ್ನು ಓದುವ ಕೆಲಸ ಮಾಡಿ, ಮಗು ಹುಟ್ಟಿದ ಮೇಲೆ ಊರಿಗೆ ಬಂದು, ಮನೆಯಿಂದಲೇ ಜರ್ಮನ್ ಆಸ್ಪತ್ರೆಯ ದಾಖಲೆಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಬೀದಿಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳ ಗರಗರ, ಒಳಗೆ ಯಾರದೋ ಪಿತ್ತಕೋಶದ ಸ್ಕ್ಯಾನಿಂಗು. ಯಾರದು ಎಂದು ಮಾತ್ರ ಯಾರಿಗೂ ಹೇಳುವಂತಿಲ್ಲ. ರೋಗಿಯ ಗುಟ್ಟು ಹೊರಗೆ ಹಾಕುವುದು ಜರ್ಮನ್ ದಂಡಸಂಹಿತೆಯ 203ನೇ ಕಲಮಿನಡಿ ಅಪರಾಧ. ಕೆಲಸ ಕೊಡುವವರು ಅನುವಾದಕರಿಂದಲೂ ಮುಚ್ಚಳಿಕೆ ಬರೆಸಿಕೊಂಡಿರುತ್ತಾರೆ. ಹಾಗಾಗಿ ನೆರೆಮನೆಯವರಿಗೆ ಆಕೆ ‘ಕಂಪ್ಯೂಟರ್ ಕೆಲಸ’ದವಳು, ಅಷ್ಟೆ. ಪೆನಿಸಿಲಿನ್ ಕಾಗದದ ಕಥೆ ಹೇಳಬಹುದಾದದ್ದು, ಅದು ಕೂಲಿಯ ಕೆಲಸವಲ್ಲದ್ದರಿಂದ ಮತ್ತು ಕಾಗದದ ಧಣಿಯೇ ಹೇಳಿಕೊಳ್ಳಲು ಒಪ್ಪಿದ್ದರಿಂದ. ಅತ್ತೆಯ ನೆಂಟರ ಹುಡುಗ. ಸ್ಟುಟ್‌ಗಾರ್ಟ್ ಕಡೆ ಓದಲು ಹೋದವನು ಮೂತ್ರಪಿಂಡದ ಕಲ್ಲು ಮಾಡಿಕೊಂಡು ಅಲ್ಲಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದ. ಮುಂದಿನ ಔಷಧೋಪಚಾರ ಬಳ್ಳಾರಿಯಲ್ಲಿ. ಅವನ ತಾಯಿ ಆರು ಹಾಳೆ ತಂದು ಕೊಟ್ಟು, “ಇದನ್ನ ಡಾಕ್ಟ್ರಿಗೆ ತಿಳಿಯಂಗ ಬರದು ಕೊಡಮ್ಮಾ” ಎಂದಿದ್ದರು. ತಂದದ್ದು ಜೆರಾಕ್ಸ್. ಅಸಲು ಕಾಗದ ಹಾಳಾದೀತೆಂದು ಬೀರುವಿನಲ್ಲಿಟ್ಟಿದ್ದರು.

ಜೆರಾಕ್ಸ್ ಎಂದರೆ ಏನು ಹೋಗುತ್ತದೆ ಎಂಬುದು ನೋಡಿದವರಿಗೇ ಗೊತ್ತು. ಜರ್ಮನ್ ವಾರ್ಡುಗಳಲ್ಲಿ ರೋಗಿಯ ದಿನದಿನದ ನಕ್ಷೆಗೆ ‘ಕುರ್ವೆ’ ಎನ್ನುತ್ತಾರೆ. ಅದರ ಮೂಲಪುರುಷ ಲೈಪ್‌ಜಿಗ್‌ನ ವುಂಡರ್ಲಿಶ್. ಸಾವಿರಾರು ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅಳೆದು, ಗೆರೆ ಎಳೆದು, 1868ರಲ್ಲಿ ಜ್ವರದ ಮೇಲೆ ಪುಸ್ತಕ ಬರೆದವನು. ಮೈಶಾಖದ 37 ಡಿಗ್ರಿ ಲೋಕರೂಢಿಯಾದದ್ದು ಅವನಿಂದಲೇ. ಆ ನಕ್ಷೆಯಲ್ಲಿ ನಾಡಿಯ ಗೆರೆ ಕೆಂಪು, ಜ್ವರದ ಗೆರೆ ನೀಲಿ ಎಂಬುದು ಅಲ್ಲಿಯ ಹಳೆಯ ವಾಡಿಕೆ. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಮಿಷನ್ನಿಗೆ ಕೆಂಪೂ ಕಪ್ಪೇ, ನೀಲಿಯೂ ಕಪ್ಪೇ. ಎರಡು ಗೆರೆಗಳು ಜಡೆ ಹೆಣೆದ ಹಾಗೆ ಒಂದರೊಳಗೊಂದು ಹೊಕ್ಕು ಹೊರಬಂದು, ಯಾವುದು ನಾಡಿ ಯಾವುದು ಜ್ವರ ತಿಳಿಯದಾಗಿತ್ತು. ಒಂದು ಗೆರೆ ಮೂರನೆಯ ದಿನ ಸರ್ರನೆ ಮೇಲೆದ್ದಿತ್ತು. ಪಕ್ಕದಲ್ಲಿ ‘39,2’ ಎಂದು ಬರೆದಿದ್ದು ಪುಣ್ಯ. ಹುಡುಗನ ತಾಯಿಗೆ ಅದನ್ನು ಓದಿ ಹೇಳಿದರೆ, “ಮೂವತ್ತೊಂಬತ್ತಾ? ಹಂಗಾರ ಜ್ವರಾನೇ ಇದ್ದಿಲ್ಲ ಬಿಡು” ಎಂದರು. ನಮ್ಮ ಕಡೆ ಜ್ವರ ನೂರು ದಾಟಿದರೆ ತಾನೆ ಜ್ವರ. ಫ್ಯಾರನ್‌ಹೀಟಿಗೆ ತಿರುಗಿಸಿದರೆ ಅದು 102.6.

ಆ ‘39,2’ರ ನಡುವಿನ ಅಲ್ಪವಿರಾಮ ನೋಡಿ. ಜರ್ಮನ್ನರಿಗೆ ದಶಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. ನಮಗೆ ಸರಿಯಾಗಿ ಉಲ್ಟಾ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಪಕ್ಕ ‘5.000’ ಎಂದಿದ್ದರೆ ನಮ್ಮ ಕಣ್ಣು ಐದು ಎಂದು ಓದುತ್ತದೆ. ಅದು ಐದು ಸಾವಿರ. ಅದರ ಮುಂದೆ ‘ಐ.ಇ.’ ಎಂಬ ಎರಡು ಅಕ್ಷರ. ಇಂಗ್ಲಿಷ್ ಓದಿದವರಿಗೆ ಅದು ‘ಅಂದರೆ’. ಅಂದರೆ ಏನು ಎಂದು ಮುಂದಿನ ಸಾಲಿಗೆ ಹೋದರೆ ಅಲ್ಲಿ ಏನೂ ಇರುವುದಿಲ್ಲ. ಜರ್ಮನ್‌ನಲ್ಲಿ ಅದು ಇಂಟರ್‌ನ್ಯಾಷನಲ್ ಯೂನಿಟ್ಟಿನ ಗುರುತು.

ಇಲ್ಲಿಯೇ ಆಕೆಯ ವೃತ್ತಿಯ ತಿರುಳು ಇರುವುದು. ಕಂಡು ಕೇಳರಿಯದ ಗುರುತು ಯಾರನ್ನೂ ಕೆಡಿಸುವುದಿಲ್ಲ. ಗೊತ್ತಿಲ್ಲ ಎಂದು ಗೊತ್ತಿರುತ್ತದೆ, ಹುಡುಕುತ್ತೀರಿ, ಕೇಳುತ್ತೀರಿ. ಕೆಡಿಸುವುದು ನೆಂಟರ ಮುಖ ಹೊತ್ತು ಬರುವ ಗುರುತು. ‘ಆರ್‌ಆರ್’ ಎಂದರೆ ನಮ್ಮ ಆಸ್ಪತ್ರೆಗಳಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕ. ಜರ್ಮನ್ ಕಾಗದದಲ್ಲಿ ಅದು ಬಿ.ಪಿ.; ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಲಕರಣೆಯನ್ನು 1896ರಲ್ಲಿ ಮುಂದಿಟ್ಟ ಇಟಲಿಯ ರೀವಾ-ರೊಚ್ಚಿಯ ಹೆಸರಿನ ಮೊದಲಕ್ಷರಗಳು. ‘ಎಚ್‌ಎಫ್’ ನಮ್ಮಲ್ಲಿ ಹೃದಯ ಸೋತದ್ದು. ಅಲ್ಲಿ ಬರೀ ನಾಡಿಬಡಿತದ ಎಣಿಕೆ. ಅಂದರೆ ‘ಎಚ್‌ಎಫ್ 72’ ಎಂಬ ಸುಖವಾರ್ತೆಯನ್ನು ಬಳ್ಳಾರಿಗೆ ಹಾಗೇ ಕಳಿಸಿದರೆ ಗಟ್ಟಿಮುಟ್ಟಾದ ಹುಡುಗನಿಗೆ ಹೃದ್ರೋಗ ಬಂದು ಕೂರುತ್ತದೆ. ‘ಕೆಜಿ’ ಎಂದು ಕಂಡರೆ ತೂಕ ಎಂದು ನಂಬಬೇಡಿ. ‘ಕೆಜಿ’ ಮುಂದೆ 6 ಇದ್ದರೆ ಆರು ಸಲ ಫಿಸಿಯೋಥೆರಪಿ ಮಾಡಿಸಿ ಎಂದೂ ಆದೀತು. ‘ಕ್ವಿಕ್’ ಎಂದಿದ್ದರೆ ಬೇಗ ಎಂದಲ್ಲ; ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೊಂದನ್ನು 1935ರಲ್ಲಿ ರೂಪಿಸಿದ ಅಮೆರಿಕದ ಆರ್ಮಂಡ್ ಕ್ವಿಕ್ ಎಂಬ ಡಾಕ್ಟರು. ಪಾಪ, ಆ ಹೆಸರಿನ ಡಾಕ್ಟರು ಬೇರೆ ಯಾವುದಾದರೂ ಪರೀಕ್ಷೆ ಕಂಡುಹಿಡಿಯಬಾರದಿತ್ತೆ?

ಹೋಗಲಿ, ‘ಓ.ಬಿ.’ ಎಂಬುದಿದೆ. ‘ಓನೆ ಬೆಫುಂಡ್’, ಏನೂ ಕಂಡುಬರಲಿಲ್ಲ, ಎಲ್ಲ ಸರಿ ಇದೆ. ನಮ್ಮ ಡಾಕ್ಟರುಗಳು ‘ಎನ್‌ಎಡಿ’ ಎಂದು ಬರೆಯುವ ಜಾಗದಲ್ಲಿ ಅವರದ್ದು ಇದು. (ಎನ್‌ಎಡಿ ಎಂದರೆ ‘ನಿಜಕ್ಕೂ ನೋಡಿಲ್ಲ’ ಎಂದು ಹೌಸ್ ಸರ್ಜನ್ನುಗಳು ನಗೆಯಾಡುತ್ತಾರೆ.) ಈ ‘ಓ.ಬಿ.’ಯನ್ನು ರೋಮನ್ ಲಿಪಿಯಲ್ಲಿ ಅವಸರದಿಂದ ಗೀಚಿದರೆ, ಆಣೆ ಮಾಡಿ ಹೇಳಬಹುದು, ಅದು 0.8. ಯಕೃತ್ತು 0.8, ಗುಲ್ಮ 0.8, ಶ್ವಾಸಕೋಶ 0.8 ಎಂದು ಮೊದಲ ವರ್ಷ ಆಕೆ ಒಂದು ಇಡೀ ಪುಟ ಸಂಖ್ಯೆಗಳಿಂದ ತುಂಬಿಸಿ, ಯಾವ ಮಾಪನದಲ್ಲಿ ಎಂದು ಅರ್ಧ ದಿನ ಹುಡುಕಿದ್ದಳು. ಎಲ್ಲ ಅಂಗಗಳೂ ಒಂದೇ ಅಂಕ ಪಡೆದ ಮೇಲೆ ಅನುಮಾನ ಬಂತು.

ಅಂಕಿಗಳಲ್ಲೇ ಬೇಕಾದಷ್ಟು ಕಿತಾಪತಿ ಇದೆ. ಜರ್ಮನ್ನರು 1 ಬರೆಯುವಾಗ ಕೆಳಗಿನಿಂದ ಉದ್ದ ಕೊಕ್ಕೆ ಎಳೆದುಕೊಂಡು ಹೋಗಿ ಆಮೇಲೆ ಇಳಿಯುತ್ತಾರೆ. ನಮಗದು ಥೇಟ್ 7. ಅವರ 7ಕ್ಕೆ ಸೊಂಟದಲ್ಲಿ ಅಡ್ಡಗೆರೆ. ಅದನ್ನು ಆಕೆ ಮೊದಮೊದಲು ಬರೆದು ಹೊಡೆದು ಹಾಕಿದ ಅಂಕಿ ಎಂದುಕೊಂಡು ಬಿಟ್ಟೇಬಿಡುತ್ತಿದ್ದಳು. ಹಳೆಯ ಕಾಲದ ಕೈಯಾದರೆ ಇನ್ನೊಂದು ತಮಾಷೆ: ‘ಯು’ ಅಕ್ಷರದ ತಲೆಯ ಮೇಲೊಂದು ಬಾಗುಗೆರೆ. 1915ರಿಂದ ಪ್ರಷ್ಯಾದ ಶಾಲೆಗಳಲ್ಲಿ ಕಲಿಸಿದ ಝೂಟರ್ಲೀನ್ ಬರಹದಲ್ಲಿ ‘ಯು’ಗೂ ‘ಎನ್’ಗೂ ಭೇದ ತೋರಲೆಂದು ಹಾಕುತ್ತಿದ್ದದ್ದು. 1941ರಲ್ಲಿ ಆ ಬರಹವನ್ನು ಸರಕಾರ ನಿಲ್ಲಿಸಿತು, ಆದರೆ ಕೈಗೆ ಹತ್ತಿದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕಲಿತವರ ಕೈಯಲ್ಲಿ ಆ ಗೆರೆ ಮುಪ್ಪಿನವರೆಗೂ ಉಳಿಯಿತು. ಅದೇ ಗೆರೆಯನ್ನು ಇಂಗ್ಲಿಷಿನಲ್ಲಿ ವೈದ್ಯ ಓದಿದವರು ‘ಸಿ’ ಮೇಲೆ ಎಳೆದರೆ ‘ಜೊತೆಗೆ’, ‘ಎಸ್’ ಮೇಲೆ ಎಳೆದರೆ ‘ಇಲ್ಲದೆ’. ಒಂದು ಕಡೆ ಅದು ಬರೀ ಅಕ್ಷರದ ಗುರುತು, ಇನ್ನೊಂದು ಕಡೆ ಪೂರಾ ಒಂದು ಪದ.

ಜರ್ಮನ್ ವೈದ್ಯ ಎಂದರೆ ಕನ್ನಡನಾಡಿಗೆ ಹೊಸಬನೇನಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಗುಳಿಗೆ ಕೊಡಲು ತೊಡಗಿದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮ್ಯೂಲರ್ ಜರ್ಮನಿಯವರು. ಅವರ ಹೆಸರಿನ ‘ಯು’ ಮೇಲೆ ಎರಡು ಚುಕ್ಕೆಗಳಿದ್ದವು; ಊರ ಬಾಯಲ್ಲಿ ಚುಕ್ಕೆ ಉದುರಿ ‘ಫಾದರ್ ಮುಲ್ಲರ್’ ಆದರು, ಆಸ್ಪತ್ರೆಯ ಹೆಸರೂ ಹಾಗೇ ನಿಂತಿತು. ಆ ವೈದ್ಯದ ಜೊತೆಗೆ ಬಂದ ಗುರುತುಗಳಿಗೂ ಹೀಗೇ ಆಗಿದೆ. ಜರ್ಮನ್ ಹೋಮಿಯೋಪತಿಯಲ್ಲಿ ಓರೆಗೀಟಿನ ಸೊನ್ನೆ ಎಂದರೆ ಮದರ್ ಟಿಂಕ್ಚರ್, ನೀರು ಬೆರೆಸದ ಮೂಲ ಅರಿಷ್ಟ. ಅದೇ ಅರಿಷ್ಟ ನಮ್ಮ ಹಿಂದೂಪುರ, ಬಳ್ಳಾರಿಯ ಅಂಗಡಿಗಳ ಸೀಸೆಯ ಮೇಲೆ ‘ಕ್ಯೂ’ ಆಗಿ ಕೂತಿದೆ. ಅವರ ‘ಡಿ6’ ನಮ್ಮಲ್ಲಿ ‘6ಎಕ್ಸ್’. ಹಾಗಾಗಿ ಆಕೆಯ ಮುಂದಿದ್ದ ಗುರುತಿಗೆ ಅರ್ಥ ಎರಡಲ್ಲ, ಆರೇಳು. ಅದರಲ್ಲಿ ಒಂದು, ಔಷಧವನ್ನು ಅಪ್ಪಟವಾಗಿ ಕೊಡಿ ಎಂದು! ಪೆನಿಸಿಲಿನ್ನಿಗೆ ಅದು ಹೊಂದುವುದಿಲ್ಲ ಎಂದು ಆಕೆಗೂ ಗೊತ್ತು, ಆದರೂ ಸಾಲಿನಲ್ಲಿ ನಿಲ್ಲಿಸಿ ನೋಡಿದಳು.

ಅತ್ತೆ ಎರಡು ಸಲ ಹಾದುಹೋದರು, ಮೂರನೆಯ ಸಲ ನಿಂತರು. “ಮುಂಜಾನಿಂದ ಆ ಒಂದೇ ಕಾಗದ ನೋಡಾಕತ್ತೀಯಲ್ಲಮ್ಮಾ, ಏನೈತಿ ಅದರಾಗ?”

“ಸೊನ್ನೆ ಮೇಲೆ ಗೀಟು ಹಾಕವ್ರೆ ಅತ್ತೆ. ಬೇಡ ಅಂತಲೋ ಇಲ್ಲ ಅಂತಲೋ ತಿಳೀವಲ್ದು.”

ತವರಿನ ‘ಹಾಕವ್ರೆ’ಯ ಮಗ್ಗುಲಲ್ಲೇ ಗಂಡನ ಮನೆಯ ‘ತಿಳೀವಲ್ದು’. ಅತ್ತೆ ಅದನ್ನು ಗಮನಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು. “ಗೀಟು ಹಾಕ್ಯಾರ ಅಂದ್ರ ಬ್ಯಾಡ ಅಂತಾನೇ. ಅದ್ರಾಗ ಕೇಳೋದೇನೈತಿ?”

ಕೇಳುವುದು ಇದೆ ಎಂಬುದಕ್ಕೆ ಸಾಕ್ಷಿ ಆ ಮನೆಯಲ್ಲೇ, ಅತ್ತೆಯ ತಲೆದಿಂಬಿನ ಪಕ್ಕದಲ್ಲೇ ಇತ್ತು. ಗಡಿಯೂರಿನ ಮೆಡಿಕಲ್ ಷಾಪುಗಳಲ್ಲಿ ಮಾತ್ರೆ ಹಾಕಿಕೊಡುವ ಪುಟ್ಟ ಕಾಗದದ ಕವರಿನ ಮೇಲೆ ಹೊತ್ತನ್ನು ಒಂದೊಂದೇ ಅಕ್ಷರದಲ್ಲಿ ಬರೆಯುತ್ತಾರೆ. ಕನ್ನಡದ ಕೈಯಾದರೆ ‘ಬೆ’, ‘ಮ’, ‘ರಾ’. ತೆಲುಗಿನ ಕೈಯಾದರೆ ಬೆಳಗಿಗೆ ‘ಉ’, ಉದಯಂ. ಎರಡು ಲಿಪಿಗಳಲ್ಲೂ ‘ಉ’ ಹೆಚ್ಚುಕಮ್ಮಿ ಅವಳಿಜವಳಿ. ಅತ್ತೆ ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅವರಿಗೆ ‘ಉ’ ಎಂದರೆ ಊಟ. ದಿನಕ್ಕೆ ಒಂದು, ಬೆಳಿಗ್ಗೆ ನುಂಗಬೇಕಾದ ಬಿ.ಪಿ. ಮಾತ್ರೆಯನ್ನು ಅವರು ಎರಡು ತಿಂಗಳು ಮಧ್ಯಾಹ್ನದ ಊಟಕ್ಕೊಂದು, ರಾತ್ರಿಯ ಊಟಕ್ಕೊಂದು ಎಂದು ನಿಷ್ಠೆಯಿಂದ ನುಂಗಿದರು. ತಲೆ ತಿರುಗಿ ಹಿತ್ತಲ ಬಾಗಿಲು ಹಿಡಿದುಕೊಂಡ ದಿನ ಸಂಗತಿ ಹೊರಬಂತು. ಅಂಗಡಿಯವನ ತಪ್ಪೇ? ಅವನ ‘ಉ’ ಸ್ಪಷ್ಟವಾಗಿಯೇ ಇತ್ತು. ಅತ್ತೆಯ ಓದೂ ಸರಿಯೇ. ಅಕ್ಷರ ಹೊರಟ ಭಾಷೆ ಒಂದು, ಬಂದಿಳಿದ ಭಾಷೆ ಇನ್ನೊಂದು.

ಗೀಚುಬರಹದ ಮೇಲೆ ಕಾನೂನು ಇಲ್ಲದೆ ಇಲ್ಲ. ಔಷಧದ ಹೆಸರನ್ನು ಓದುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ತಿದ್ದಿತು. ಓದಲು ಬರುವ ಚೀಟಿ ರೋಗಿಯ ಹಕ್ಕು ಎಂದು 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಹೇಳಿತು. ಅತ್ತೆಯ ‘ಉ’ ಮಾತ್ರ ಈ ಯಾವ ಕಾನೂನಿನ ಬಲೆಗೂ ಬೀಳುವುದಿಲ್ಲ.

ಜರ್ಮನ್ ಎಂದೊಡನೆ ಕಿಟೆಲ್ ಹೆಸರು ಹೇಳದೆ ಕನ್ನಡದಲ್ಲಿ ಲೇಖನ ಮುಗಿಸಬಾರದೆಂದು ಒಂದು ಅಲಿಖಿತ ನಿಯಮವಿದೆ, ಹೇಳಿಯಾಯಿತು. ಆದರೆ ರಾಯದುರ್ಗದವರಿಗೆ ಹತ್ತಿರದವನು ಇನ್ನೊಬ್ಬ ಜರ್ಮನ್. ರಾಯದುರ್ಗದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಮೊಳಕಾಲ್ಮೂರು. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರೆದವನ ಹೆಸರು, ಚಪಡ. ಅದರ ಪಕ್ಕದಲ್ಲಿ ಬ್ರಾಹ್ಮಿಗೆ ಸೇರದ ಕೆಲವು ಗೀರುಗಳು. ಬಂಡೆಯ ಬಿರುಕೋ ಉಳಿ ಜಾರಿದ್ದೋ ಎನ್ನುವಂಥವು. ಹ್ಯಾನೋವರ್ ಸೀಮೆಯ ಬೋರ್ಸ್ಟಲ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಪಾಠ ಹೇಳುತ್ತಿದ್ದ ಗೇಯೋರ್ಗ್ ಬ್ಯೂಲರ್ ಆ ಗೀರುಗಳನ್ನು ಖರೋಷ್ಠಿ ಲಿಪಿ ಎಂದು ಗುರುತಿಸಿದರು. ಖರೋಷ್ಠಿಯನ್ನು ಬರೆಯುವುದು ಬಲದಿಂದ ಎಡಕ್ಕೆ. ಅದರ ನೆಲೆ ವಾಯವ್ಯದ ಗಾಂಧಾರ, ಇಂದಿನ ಪೇಶಾವರದ ಸುತ್ತ. ಅಲ್ಲಿದ್ದದ್ದು ‘ಲಿಪಿಕರೇಣ’ ಎಂಬ ಒಂದೇ ಪದ, ಬರೆಯುವವನಿಂದ ಎಂದು.

ಚಪಡನಿಗೆ ಏನು ಬಂದಿತ್ತೋ! ಇಡೀ ಶಾಸನವನ್ನು ಈ ನೆಲದವರು ಓದಲೆಂದು ಒಂದು ಲಿಪಿಯಲ್ಲಿ ಬರೆದವನು, ತನ್ನ ಕಸುಬಿನ ಹೆಸರು ಬಂದಾಗ ಮಾತ್ರ ದೂರದ ಇನ್ನೊಂದು ಲಿಪಿಗೆ ಹೊರಳಿಬಿಟ್ಟ. ಊರ ನೆನಪಾಗಿತ್ತೋ, ಕಲಿತ ವಿದ್ಯೆಯ ಜಂಬವೋ, ಇಲ್ಲಿ ಯಾರು ಓದುತ್ತಾರೆ ಎಂಬ ತುಂಟತನವೋ. ಎರಡು ಸಾವಿರ ವರ್ಷಕ್ಕೂ ಮೇಲೆ ಆ ಹೊರಳಾಟವನ್ನು ಹಿಡಿದವನು ಜರ್ಮನ್. ಈಗ ಅದೇ ಬೆಟ್ಟಸಾಲಿನ ಈಚೆ ಮಗ್ಗುಲಲ್ಲಿ ಕೂತು ಜರ್ಮನ್ನರ ಗೀರುಗಳನ್ನು ನಮ್ಮವಳೊಬ್ಬಳು ಓದುತ್ತಿದ್ದಾಳೆ. ಸಾಲ ತೀರುತ್ತಿದೆ ಎನ್ನೋಣವೇ? ಬ್ಯೂಲರ್‌ಗೆ ಒಂದು ಅನುಕೂಲವಿತ್ತು. ತಪ್ಪಾಗಿ ಓದಿದ್ದರೆ ಪಂಡಿತರು ಜಗಳವಾಡುತ್ತಿದ್ದರು. ಯಾರಿಗೂ ಮೈಮೇಲೆ ದದ್ದು ಏಳುತ್ತಿರಲಿಲ್ಲ.

ಇನ್ನು ಹುಡುಗನ ಕಾಗದ. ಅದರಲ್ಲಿ ಮೂರಕ್ಷರದ ಒಂದು ಪದ ಎರಡು ಕಡೆ ಬಂದಿತ್ತು, ಜರ್ಮನ್ ಉಚ್ಚಾರದಲ್ಲಿ ‘ಹಾ-ವೇ-ಈ’. ಜರ್ಮನ್ ವೈದ್ಯ ಓದುವ ಹುಡುಗರಿಗೂ ತಲೆನೋವಾದ ಪದ ಅದು: ಮೂತ್ರನಾಳದ ಸೋಂಕಿಗೂ ಅದೇ ಮೂರಕ್ಷರ, ಹೃದಯದ ಹಿಂಗೋಡೆಗೆ ಬಡಿಯುವ ಹಾರ್ಟ್ ಅಟ್ಯಾಕಿಗೂ ಅದೇ. ಮೊದಲನೆಯ ಕಡೆ ಅದರ ಹಿಂದೆ ‘ತ್ಸೆಟ್.ಎನ್.’, ಅಂದರೆ ‘ಆಗಿ ಹೋದದ್ದು’. ಮೂರನೇ ಪುಟದಲ್ಲಿ ಮೂತ್ರದ ಕಲ್ಚರ್ ರಿಪೋರ್ಟಿತ್ತು, ಹೃದಯದ ಸುದ್ದಿ ಆರು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಸೋಂಕು ಎಂದು ಬರೆ, ಮುಗಿಯಿತು. ಎರಡನೆಯ ಕಡೆ, ಕುಟುಂಬದ ಕಾಯಿಲೆಗಳ ಸಾಲಿನಲ್ಲಿ: ತಂದೆ, ಒಂದು ಶಿಲುಬೆಯಂಥ ಗುರುತು, 58, ಹಾ-ವೇ-ಈ. ಜರ್ಮನ್ನರು ಹುಟ್ಟಿಗೆ ನಕ್ಷತ್ರ, ಸಾವಿಗೆ ಶಿಲುಬೆ ಹಾಕುತ್ತಾರೆ. ಜೆರಾಕ್ಸಿನಲ್ಲಿ ಶಿಲುಬೆಯ ಕಾಲು ಸವೆದು ಅದು ಕೂಡುವ ಚಿಹ್ನೆಯಾಗಿತ್ತು. ಕೂಡುವ ಚಿಹ್ನೆ ಎಂದು ಓದಿದರೆ ‘ಪಾಸಿಟಿವ್’, ತಂದೆಗೂ ಸೋಂಕಿತ್ತು ಎಂದಾಗುತ್ತಿತ್ತು. ವ್ಯಾಕರಣವೂ ಕೂಡುತ್ತಿತ್ತು, ವೈದ್ಯವೂ ಕೂಡುತ್ತಿತ್ತು. ಆದರೆ ಆಕೆ ಆ ತಂದೆಯ ತಿಥಿಯ ಊಟ ಉಂಡವಳು. ಎದೆ ಹಿಡಿದುಕೊಂಡು ಬಸ್ಸಿನಲ್ಲೇ ಹೋದರು ಎಂದು ಕೇಳಿ ಬಲ್ಲವಳು. ಕಾಗದದಲ್ಲಿ ಇಲ್ಲದ್ದು ಮನಸ್ಸಿನಲ್ಲಿ ಇತ್ತು, ಅದರಿಂದ ಕಾಗದ ಓದಲು ಬಂತು.

ಅನುವಾದಕರು ಹೀಗೆ ಮಾಡಬಹುದೇ? ಪುಸ್ತಕದ ಮಾತಿನ ಪ್ರಕಾರ ಇಲ್ಲ. ಹಾಳೆಯ ಮೇಲಿರುವುದಷ್ಟೇ ಅನುವಾದ, ಊರ ಸುದ್ದಿ ಬೇರೆ. ಆಕೆ ಒಂದು ದಾರಿ ಕಂಡುಕೊಂಡಳು. ಬೀರುವಿನಿಂದ ಅಸಲು ಕಾಗದ ತರಿಸಿದಳು. ಶಿಲುಬೆಗೆ ಕಾಲು ಇತ್ತು. ನಕ್ಷೆಯಲ್ಲಿ ಕೆಂಪು ಕೆಂಪಾಗಿಯೂ ನೀಲಿ ನೀಲಿಯಾಗಿಯೂ ಬಿಡಿಸಿಕೊಂಡವು. ಬೆಳಿಗ್ಗೆಯಿಂದ ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ಜೆರಾಕ್ಸಿನದ್ದೇ ಎಂದು ತಿಳಿದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೆನಿಸಿಲಿನ್ ಪಕ್ಕದ ಗುರುತು ಮಾತ್ರ ಅಸಲಿನಲ್ಲೂ ಹಾಗೇ ಇತ್ತು: ಹಸಿರು ಶಾಯಿ, ಕೊಂಚ ಎಡಕ್ಕೆ ವಾಲಿದ ಸೊನ್ನೆ, ಬಲದಿಂದ ಇಳಿದ ಗೀಟು. ಮೇಲಿನ ಸಾಲಿನಲ್ಲಿ ‘ಅಲರ್ಜಿ’ ಎಂಬ ಅಚ್ಚಿನ ಪದ ಇತ್ತು, ಆದರೆ ಆ ಸಾಲಿಗೂ ಈ ಬರಹಕ್ಕೂ ನಡುವೆ ಒಂದು ಬೆರಳಿನಷ್ಟು ಖಾಲಿ. ಅಲರ್ಜಿಯ ಉತ್ತರವೋ, ಬೇರೆ ಸೂಚನೆಯೋ? ಆಸ್ಪತ್ರೆಗೆ ಬರೆದ ಮಿಂಚಂಚೆಗೆ ಉತ್ತರ ಬರಲಿಲ್ಲ.

ಅಂದಾಜು ಮಾಡುವ ಕೈ ತುರಿಸುತ್ತದೆ. ಗಡಿಯವರಿಗಂತೂ ಹೆಚ್ಚು, ಅರ್ಧ ತೆಲುಗು ಅರ್ಧ ಕನ್ನಡದ ಬೋರ್ಡು, ರೇಷನ್ ಕಾರ್ಡು, ಪಹಣಿ ಎಲ್ಲವನ್ನೂ ಅಂದಾಜಿನಲ್ಲೇ ಓದಿ ಬದುಕಿದವರು, ಅಂದಾಜು ಸರಿಹೋಗುತ್ತದೆ ಎಂಬ ಧೈರ್ಯ ರಕ್ತದಲ್ಲೇ ಇರುತ್ತದೆ. ಜರ್ಮನ್ ಅನುವಾದಕರು ಇಂಥ ಕಡೆ ಚೌಕ ಕಂಸದೊಳಗೆ ಒಂದು ಮಾತು ಬರೆಯುತ್ತಾರೆ, ‘ಉನ್‌ಲೇಸರ್ಲಿಶ್’, ಓದಲಾಗದು. ಬರೆಯಲು ಸಂಕೋಚ, ದುಡ್ಡು ತೆಗೆದುಕೊಂಡು ಗೊತ್ತಿಲ್ಲ ಎಂದ ಹಾಗೆ. ಇಲ್ಲಿ ಅದೂ ಸಲ್ಲದು, ಏಕೆಂದರೆ ಗುರುತು ಚೆನ್ನಾಗಿಯೇ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ. ಕೊನೆಗೆ ಆಕೆ ಕಂಸದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಪೆನಿಸಿಲಿನ್ ಎಂಬ ಪದದ ಬಲಕ್ಕೆ ಕೈಯಿಂದ ಹಾಕಿದ ಓರೆಗೀಟಿನ ಸೊನ್ನೆ, ‘ಅಲರ್ಜಿ ಇಲ್ಲ’ ಎಂದೂ ‘ಕೊಡಬಾರದು’ ಎಂದೂ ಓದಬಹುದು, ರೋಗಿಯನ್ನು ಕೇಳಿ ಖಚಿತ ಮಾಡಿಕೊಳ್ಳುವುದು. ಇಡೀ ಆರು ಪುಟದಲ್ಲಿ ಅತಿ ಉದ್ದದ ವಾಕ್ಯ ಅದೇ ಆಯಿತು, ಒಂದು ಸೊನ್ನೆಗಾಗಿ.

ಬಳ್ಳಾರಿಯ ಡಾಕ್ಟರು ಕಂಸದ ಮೇಲೆ ಬೆರಳಿಟ್ಟು ಹುಡುಗನನ್ನು ಕೇಳಿದರಂತೆ. ಅವನು ಮೊಬೈಲಿನಿಂದ ತಲೆ ಎತ್ತಿ, “ನೆನಪಿಲ್ಲ ಸಾರ್, ಅಲ್ಲೂ ಕೇಳಿದ್ರು, ಏನೋ ಹೇಳಿದೆ” ಎಂದ. ಪಕ್ಕದಲ್ಲಿದ್ದ ತಾಯಿ ಬಾಯಿ ಹಾಕಿದರು.

“ಆರು ವರ್ಸದಾವ ಇದ್ದಾಗ ಗಂಟಲ ಬಾತಿತ್ತು ಸಾರ್, ಸೂಜಿ ಮಾಡಿದ್ರು. ಮನೀಗೆ ಬರೋದ್ರಾಗ ಮೈ ತುಂಬಾ ದದ್ದು, ತುಟಿ ಬಾತು ಹಿಂಗಾಗಿತ್ತು.”

“ಯಾವ ಸೂಜಿ, ಗೊತ್ತಾ ಅಮ್ಮಾ?”

“ಹೆಸರು ನನಗೇನು ಗೊತ್ತು ಸಾರ್. ಸಣ್ಣ ಸೀಸೇದಾಗ ಬಿಳಿ ಪುಡಿ ಇತ್ತು. ಅದಕ್ಕ ನೀರು ಬಿಟ್ಟು, ಅಲ್ಲಾಡಿಸಿ, ಏರಿಸಿದ್ರು. ಮೊದಲು ಕೈಗೆ ಚೂರು ಚುಚ್ಚಿ ನೋಡ್ಬೇಕಿತ್ತಂತ, ನೋಡ್ಲಿಲ್ಲ.”

ಡಾಕ್ಟರು ಮುಂದೆ ಕೇಳಲಿಲ್ಲ. ಹೊಸ ಫೈಲಿನ ಮೊದಲ ಹಾಳೆಯಲ್ಲಿ, ಮೂಲೆಯಿಂದ ಮೂಲೆಗೆ, ಕೆಂಪು ಪೆನ್ನಿನಲ್ಲಿ ದೊಡ್ಡಕ್ಷರಗಳಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ತಾಯಿ ಆ ಫೈಲನ್ನು ಎದೆಗವಚಿಕೊಂಡು ಸಂಜೆಯ ಬಸ್ಸಿಗೆ ರಾಯದುರ್ಗಕ್ಕೆ ಬಂದಿಳಿದು, ಅಸಲು ಹಾಳಾದೀತೆಂದು, ಬಸ್‌ಸ್ಟ್ಯಾಂಡಿನಲ್ಲೇ ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಆಕೆಗೆ ಕೊಡಲು ಬಂದರು. ಅಕ್ಷರಗಳೇನೋ ದಪ್ಪಗೇ ಇದ್ದವು. ಕೆಂಪು ಕಪ್ಪಾಗಿತ್ತು.